ಇಪ್ಪತ್ತು ಕುರಿಗೆ ಉಣ್ಣೆ ಯಾಕೆ ಬೇಕು?

ನಾಲ್ಕಾರು ಎಕರೆ ಖುಷ್ಕಿ ಮಾಡಿಕೊಂಡು ಜೊತೆಗೆ ಹತ್ತಿಪ್ಪತ್ತು ಕುರಿ ಕಟ್ಟುವ ರೈತ ಇನ್ನು ಮುಂದೆ ಉಣ್ಣೆ ಕುರಿ ಸಾಕಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮೈಮೇಲೆ ಬರೀ ಕೂದಲಿರುವ, ಕತ್ತರಿ ಕೇಳದ ಕುರಿಯೇ ಅವನಿಗೆ ಸರಿ. ಈ ಮಾತನ್ನು ಮಡಕಶಿರಾ ಸೀಮೆಯಲ್ಲಿ, ಅದರಲ್ಲೂ ಮಗ್ಗದ ಗುಂಡಿ ಇನ್ನೂ ಮುಚ್ಚದ ಊರಿನಲ್ಲಿ ಕೂತು ಹೇಳುವುದು ಸುಲಭವಲ್ಲ. ಕಂಬಳಿ ಮೇಲೆ ಕನ್ನಡದಲ್ಲೂ ತೆಲುಗಿನಲ್ಲೂ ಪದ್ಯ ಕಟ್ಟಿದವನು ನಾನು. ಆದರೆ ಪದ್ಯ ಕೇಳಿ ತಲೆದೂಗುವವರು ಯಾರೂ ಕುರಿ ಕತ್ತರಿಸುವ ಕೂಲಿ ಕೊಡುವುದಿಲ್ಲ. ಅದು ಕುರಿ ಒಡೆಯನ ಜೇಬಿನಿಂದಲೇ ಹೋಗಬೇಕು.

ಇಷ್ಟೇ ಆಗಿದ್ದರೆ ಈ ಪುಟದಲ್ಲಿ ಜಾಗ ಕೇಳುತ್ತಿರಲಿಲ್ಲ. ಉಣ್ಣೆ ಬೇಡ ಅಂತ ತೀರ್ಮಾನಿಸಿದ ನಮ್ಮವರು ಅದರ ಬೆನ್ನಿಗೇ ಇನ್ನೊಂದು ಹಳ್ಳಕ್ಕೆ ಬೀಳುತ್ತಿರುವುದನ್ನು ಕೆಲವು ವರ್ಷಗಳಿಂದ ನೋಡುತ್ತಿದ್ದೇನೆ. ಮೊಬೈಲಿಗೆ ಒಂದು ಫೋಟೋ ಬರುತ್ತದೆ. ಕರಿ ತಲೆ, ಬಿಳಿ ಮೈ, ತೊಲೆಯಂಥ ತೊಡೆ. "ಉಣ್ಣೆ ತಾನೇ ಉದುರುತ್ತೆ, ಖರ್ಚೇ ಇಲ್ಲ" ಅಂತ ಕೆಳಗೆ ಬರಹ. ಸಂಘದ ಸಾಲ ಎತ್ತಿ, ಮನೆಯಾಕೆಯ ಓಲೆ ಅಡ ಇಟ್ಟು, ಟಗರು ತಂದು ಕಟ್ಟುತ್ತಾರೆ. ಮೈಮೇಲೆ ಏನಿದೆ ಅಂತ ನೋಡಿದವರು ಅದರ ಹೊಟ್ಟೆಗೆ ಏನು ಬೇಕು ಅಂತ ಕೇಳಿರುವುದಿಲ್ಲ. ಕೂದಲು ಕುರಿ ಬೇಕು ನಿಜ, ಆದರೆ ಅದು ನಿಮ್ಮ ಹೊಲದಂಥ ಹೊಲದ ಮೇವು ತಿಂದು ಬೆಳೆದ ಸೀಮೆಯಿಂದಲೇ ಬರಬೇಕು. ನನ್ನ ವಾದ ಇಷ್ಟೇ.

ಮೊದಲು ಉಣ್ಣೆಯ ಲೆಕ್ಕ ನೋಡೋಣ. ನಮ್ಮ ಕಡೆಯ ಕರಿ ಕುರಿಗೆ ಪುಸ್ತಕದವರು ದಖನಿ ಅನ್ನುತ್ತಾರೆ. ರಾಯದುರ್ಗದ ಆಚೆ ಅದರ ಅಕ್ಕತಂಗಿಯಂಥ ಬಳ್ಳಾರಿ ಕುರಿ ಇದೆ. ಇವು ವರ್ಷಕ್ಕೆ ಎರಡು ಸಲ ಕತ್ತರಿ ಕೇಳುತ್ತವೆ. ಎರಡೂ ಸೇರಿ ಒಂದು ಕುರಿಯಿಂದ ಅರ್ಧ ಕಿಲೋ ಚಿಲ್ಲರೆ ಉಣ್ಣೆ. ಇಪ್ಪತ್ತು ಕುರಿಗೆ ಹತ್ತು ಹನ್ನೆರಡು ಕಿಲೋ, ಅಂದರೆ ನಾಲ್ಕು ಕಂಬಳಿಗೆ ಆದೀತು. ಇದು ಸ್ವೆಟರಿಗೆ ಬರುವ ನಯದ ಉಣ್ಣೆಯಲ್ಲ, ಒರಟು. ಕಂಬಳಿಗೆ, ಜಮಖಾನಕ್ಕೆ ಮಾತ್ರ. ಮಿಲ್ಲಿನ ರಗ್ಗು ಸಂತೆಗೆ ಬಂದ ಮೇಲೆ ಕಂಬಳಿ ಕೊಳ್ಳುವವರು ಬಹುಮಟ್ಟಿಗೆ ದೇವರ ಗದ್ದುಗೆಗೆ, ಮದುವೆ ಹಸೆಗೆ ಅಂತ ಕೇಳುವವರು. ಹುಣಸೆ ಬೀಜದ ಗಂಜಿ ಕಾಯಿಸಿ ಹಾಸಿಗೆ ಬಳಿದು, ಮೂರು ನಾಲ್ಕು ದಿನ ಗುಂಡಿಯಲ್ಲಿ ಕಾಲಿಟ್ಟು ನೇಯ್ದವನಿಗೇ ಕೂಲಿ ಗಿಟ್ಟದಿರುವಾಗ ಅವನು ಉಣ್ಣೆಗೆ ಏನು ಕೊಟ್ಟಾನು?

ಇನ್ನು ಕತ್ತರಿಸುವುದು. ಇನ್ನೂರು ಕುರಿ ಮಂದೆಗೆ ಕತ್ತರಿಯವರು ಗುಂಪು ಕಟ್ಟಿಕೊಂಡು ಬರುತ್ತಾರೆ, ಒಂದೆರಡು ದಿನಕ್ಕೆ ಮುಗಿಸಿ ಹೋಗುತ್ತಾರೆ. ಇಪ್ಪತ್ತು ಕುರಿಗೆ ಅಂತ ಯಾರು ಬರುತ್ತಾರೆ? ನಮ್ಮ ಸುತ್ತ ಕೈ ಕುದುರಿದ ಕತ್ತರಿಯವರು ಎಲ್ಲರೂ ಅರವತ್ತು ದಾಟಿದವರು. ಮಕ್ಕಳು ಹಿಂದೂಪುರದ ಫ್ಯಾಕ್ಟರಿಗೋ ಬೆಂಗಳೂರಿಗೋ ಹೋಗಿದ್ದಾರೆ. ಕರೆದುಕೊಂಡು ಬಂದರೆ ಕೂಲಿ, ಊಟ, ಹೋಗಿ ಬರುವ ಆಟೋ ಎಲ್ಲಾ ನಿಮ್ಮದೇ. ಕತ್ತರಿಸುವ ಮೊದಲು ಕುರಿ ತೊಳೆಯಬೇಕು, ಕೆರೆಯಲ್ಲಿ ನೀರಿರುವುದಿಲ್ಲ. ತೊಳೆಯದೆ ಕತ್ತರಿಸಿದರೆ ಉಣ್ಣೆ ತುಂಬ ಮಣ್ಣು, ಉತ್ತರಾಣಿ, ನೆಗ್ಗಿಲು ಮುಳ್ಳು. ಕತ್ತರಿಸದೆ ಬಿಟ್ಟರೆ ಮಳೆಗಾಲದಲ್ಲಿ ಬಾಲದ ಬುಡದಲ್ಲಿ ಗಂಟು ಕಟ್ಟಿ ನೊಣ ಕೂತು ಹುಳ ಬೀಳುತ್ತದೆ. ದುಡ್ಡು ಹುಟ್ಟದಿದ್ದರೂ ಕೆಲಸ ತಪ್ಪುವುದಿಲ್ಲ. ಎಷ್ಟೋ ಕಡೆ ಕತ್ತರಿಸಿದ ಉಣ್ಣೆಯನ್ನು ಬೇಲಿ ಸಾಲಿಗೆ ಹಾಕಿ ಎದ್ದು ಬರುತ್ತಾರೆ.

ತೆಲುಗಿನಲ್ಲಿ ಉಣ್ಣೆಗೆ ಉನ್ನಿ ಅಂತಾರೆ. ಕನ್ನಡದಲ್ಲಿ ಉಣ್ಣಿ ಅಂದರೆ ರಕ್ತ ಕುಡಿಯೋ ಹುಳ. ಎರಡು ಭಾಷೆಯಲ್ಲೂ ಸಂಸಾರ ಮಾಡುವ ನಮ್ಮೂರ ಅಕ್ಕ ಒಬ್ಬರು, "ಎರಡೂ ಕುರಿ ಮೈಮೇಲೇ ಇರ್ತಾವೆ ಕಣಣ್ಣ, ಎರಡರಿಂದಲೂ ಕಾಸು ಹುಟ್ಟಲ್ಲ" ಅಂದಿದ್ದರು. ಇಷ್ಟು ಚೆನ್ನಾಗಿ ನನಗೆ ಪದ್ಯದಲ್ಲೂ ಹೇಳಕ್ಕೆ ಬಂದಿಲ್ಲ.

ಹಾಗಾದರೆ ಯಾವ ಕುರಿ? ಉಣ್ಣೆ ಇಲ್ಲದ ಕುರಿಗಾಗಿ ಸಮುದ್ರ ದಾಟಬೇಕಾಗಿಲ್ಲ, ನಮ್ಮ ಗಡಿಯ ಉದ್ದಕ್ಕೂ ಇವೆ. ನಮಗೆ ಪೂರ್ವದಲ್ಲಿ ನೆಲ್ಲೂರು ಕುರಿ. ದೇಶದಲ್ಲೇ ಅತಿ ಎತ್ತರದ ಕುರಿ ಅಂತ ಅದಕ್ಕೆ ಹೆಸರು. ಬಿಳಿ ಮೈಯದು ಪಲ್ಲ, ಬಿಳಿ ಮೈಯಾಗಿ ಮುಖ, ಹೊಟ್ಟೆ, ಕಾಲಿನಲ್ಲಿ ಕಪ್ಪು ಇರೋದು ಜೋಡಿಪಿ, ಕಂದು ಬಣ್ಣದ್ದು ದೊರ. ಉದ್ದ ಕಾಲಿನ ಕುರಿ, ನಡೆಯುತ್ತದೆ, ಬಿಸಿಲು ತಡೆಯುತ್ತದೆ. ಆದವಾನಿ ಕಡೆಯವರಿಗೆ ತುಂಗಭದ್ರೆ ದಾಟಿದರೆ ರಾಯಚೂರು ಸೀಮೆಯ ಕೆಂಗುರಿ ಹತ್ತಿರ. ತೆಲುಗರ ಎರ್ರಗೊರ್ರೆ, ನಮ್ಮ ಕೆಂಗುರಿ, ಹೆಸರಿನ ಅರ್ಥ ಒಂದೇ. ಹಾಗಂತ ಕುರಿ ಒಂದೇ ಅಂದುಕೊಂಡು ಸಂತೆಯಲ್ಲಿ ಮೋಸ ಹೋಗಬೇಡಿ. ಕೆಂಗುರಿ ಬಯಲುಸೀಮೆಯ ಕಲ್ಲು, ಮುಳ್ಳು, ಒಣಗರಿಕೆ ಅರಗಿಸಿಕೊಂಡ ತಳಿ. ತಾಳವಾಡಿ, ಹೊಸೂರಿನ ಬಂಧುಗಳಿಗೆ ಸೇಲಂ, ಈರೋಡಿನ ಮೇಚೇರಿ ಕುರಿ ಪರಿಚಯವಿದ್ದೇ ಇರುತ್ತದೆ. ತಿಳಿ ಕಂದು, ಗಿಡ್ಡ ಕೂದಲು, ಚರ್ಮಕ್ಕೆ ಹೆಸರಾದದ್ದು.

ಮಂಡ್ಯದ ಬನ್ನೂರು ಕುರಿ ಬಗ್ಗೆ ಎಲ್ಲರಿಗೂ ಮೋಹ. ಮೋಹಕ್ಕೆ ಕಾರಣವೂ ಇದೆ. ಗಿಡ್ಡ ಕಾಲು, ತುಂಬಿದ ಮೈ, ಹಿಂದಿನಿಂದ ನೋಡಿದರೆ ತಲೆಕೆಳಗು ಮಾಡಿದ ಇಂಗ್ಲಿಷಿನ ಯು ಅಕ್ಷರ. ಅದರ ಬಾಡಿನ ರುಚಿ ಉಂಡವರೇ ಬಲ್ಲರು. ಆದರೆ ಅದು ನೀರಾವರಿ ಸೀಮೆಯಲ್ಲಿ ಮನೆ ಮುಂದೆ ಗೂಟಕ್ಕೆ ಕಟ್ಟಿ ಸೊಪ್ಪು ಹಾಕಿ ಬೆಳೆಸಿದ ಕುರಿ. ಗುಡ್ಡ ಹತ್ತಿಸಿ ದಿನಕ್ಕೆ ಎಂಟು ಹತ್ತು ಕಿಲೋಮೀಟರು ನಡೆಸಿದರೆ ಅದರ ಮೈ ಇಳಿದುಹೋಗುತ್ತದೆ. ನಮ್ಮಲ್ಲಿ ರೇಷ್ಮೆ ಮಾಡುವವರ ಮನೆಯಲ್ಲಿ ಹುಳ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಸೊಪ್ಪು ರಾಶಿ ಬಿದ್ದಿರುತ್ತದಲ್ಲ, ಅಂಥವರು ನಾಲ್ಕೈದು ಬನ್ನೂರು ಕಟ್ಟಲಿ, ತಪ್ಪಿಲ್ಲ. ಬರೀ ಮಳೆ ನಂಬಿದವನು ಕಟ್ಟುವುದು ಬೇಡ.

ಜತ್ತ ತಾಲ್ಲೂಕಿನ ಮಾಡಗ್ಯಾಳದ ಕುರಿ ಅಂದರೆ ಇನ್ನೊಂದು ಕಥೆ. ಎತ್ತರದ ಮೈ, ಬಿಳಿ ಮೇಲೆ ಕಂದು ಮಚ್ಚೆ, ಗಿಣಿಯ ಕೊಕ್ಕಿನಂಥ ಮೂಗು. ಆ ಮೂಗಿನ ಬಾಗು ನೋಡಿ ಟಗರಿಗೆ ಲಕ್ಷಗಟ್ಟಲೆ ಕೂಗುತ್ತಾರೆ. ಜತ್ತದ ರೈತ ತನ್ನ ಹೊಲದ ತಳಿಯನ್ನು ಬೆಳೆಸಿ ಲಾಭ ಮಾಡಿಕೊಂಡರೆ ನನಗೆ ಸಂತೋಷವೇ. ಅದನ್ನು ಇಲ್ಲಿಗೆ ತಂದು ಮೂಗಿನ ಮೇಲೆ ಸಾಲ ಮಾಡುವವನ ಬಗ್ಗೆ ಮಾತ್ರ ನನ್ನ ತಕರಾರು. ಕಟುಕ ಮೂಗನ್ನು ತೂಕಕ್ಕೆ ಹಾಕುವುದಿಲ್ಲ.

ಈಗ ಆ ಕರಿತಲೆಯ ಡಾರ್ಪರ್ ವಿಷಯ. 1930ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಡಾರ್ಸೆಟ್ ಹಾರ್ನ್ ಎಂಬ ಇಂಗ್ಲೆಂಡಿನ ಕುರಿಗೂ ಕರಿತಲೆಯ ಪರ್ಷಿಯನ್ ಕುರಿಗೂ ಕೂಡಿಸಿ ಮಾಡಿದ ತಳಿ ಅದು. ಬೆಳೆದ ಉಣ್ಣೆಯನ್ನು ತಾನೇ ಉದುರಿಸಿಕೊಳ್ಳುತ್ತದೆ ಎಂಬುದೂ ಸುಳ್ಳಲ್ಲ, ಮರಿ ಬೇಗ ತೂಕಕ್ಕೆ ಬರುತ್ತದೆ ಎಂಬುದೂ ಸುಳ್ಳಲ್ಲ. ಆದರೆ ಆ ತೂಕ ಗಾಳಿಯಿಂದ ಬರುವುದಿಲ್ಲ, ಮೇವಿನಿಂದ ಬರಬೇಕು. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕುರಿ ಬದುಕೋದು ಕಡ್ಲೆಕಾಯಿ ಹೊಟ್ಟು, ಜಾಲಿ ಕಾಯಿ, ಬೇಲಿ ಸೊಪ್ಪಿನ ಮೇಲೆ. ಹಿಂಡಿ ತಂದು ಹಾಕುವ ಶಕ್ತಿ ಇದ್ದವನಿಗೆ ಆ ತಳಿ, ಇಲ್ಲದವನಿಗಲ್ಲ. ಇನ್ನೊಂದು ಮಾತು: ನಮ್ಮ ಕಡೆ ಬರುವುದು ಅಪ್ಪಟ ಡಾರ್ಪರ್ ಅಲ್ಲ, "ಐವತ್ತು ಪರ್ಸೆಂಟು", "ಎಪ್ಪತ್ತೈದು ಪರ್ಸೆಂಟು" ಅಂತ ಮಾರುವ ಬೆರಕೆ. ಆ ಪರ್ಸೆಂಟಿಗೆ ಸಾಕ್ಷಿ ಮಾರುವವನ ಬಾಯಿ ಒಂದೇ. ಉದುರಿಸಲು ಉಣ್ಣೆಯೇ ಬೆಳೆಯದ ಕುರಿ ಪಕ್ಕದ ಸಂತೆಯಲ್ಲಿ ಇರುವಾಗ, ಉಣ್ಣೆ ಉದುರಿಸುವ ಕುರಿಗೆ ಇಷ್ಟು ದುಡ್ಡು ಯಾಕೆ ಅಂತ ನನ್ನ ಪ್ರಶ್ನೆ.

ಮನೆಯಲ್ಲಿ ಈಗಾಗಲೇ ಉಣ್ಣೆ ಕುರಿ ಇರುವವರು, "ಒಂದು ನೆಲ್ಲೂರು ಟಗರು ಬಿಟ್ಟರೆ ಆಯ್ತಲ್ಲ" ಅಂತಾರೆ. ಆಗುತ್ತದೆ, ಆದರೆ ಒಂದು ಸೂಲಿಗೆ ಆಗುವುದಿಲ್ಲ. ಮೊದಲ ಸೂಲಿನ ಮರಿ ಅರ್ಧ ಅಮ್ಮ, ಅರ್ಧ ಅಪ್ಪ. ಅದರ ಬೆನ್ನ ಮೇಲೆ ತೇಪೆ ಹಾಕಿದ ಹಾಗೆ ಉಣ್ಣೆ, ಹೊಟ್ಟೆ ಕೆಳಗೆ ಕೂದಲು. ಈ ಅರೆಬರೆ ಉಣ್ಣೆ ಕತ್ತರಿಗೂ ಸಿಗುವುದಿಲ್ಲ, ಪೂರ್ತಿ ಉದುರುವುದೂ ಇಲ್ಲ, ಬೇಲಿಗೆ ಸಿಕ್ಕಿ ಹರಿದು ನೇತಾಡುತ್ತದೆ. ಆ ಹೆಣ್ಣು ಮರಿಗೆ ಮತ್ತೆ ಕೂದಲು ಟಗರು ಕೂಡಿಸಿದರೆ ಮುಕ್ಕಾಲು, ಅದರ ಮಗಳಿಗೆ ಕೂಡಿಸಿದರೆ ಎಂಟರಲ್ಲಿ ಏಳು ಪಾಲು. ಮೂರು ನಾಲ್ಕು ತಲೆಮಾರು ದಾಟಿದ ಮೇಲೆ ಮೈ ನಯವಾಗುತ್ತದೆ. ಒಂದು ತಲೆಮಾರಿಗೆ ಒಂದೂವರೆ ಎರಡು ವರ್ಷ ಇಟ್ಟುಕೊಳ್ಳಿ. ನಡುವೆ ಅದೇ ಟಗರನ್ನು ಅದರ ಮಗಳಿಗೇ ಬಿಟ್ಟರೆ ಮರಿ ಸೊರಗುತ್ತವೆ, ಆದ್ದರಿಂದ ಎರಡು ವರ್ಷಕ್ಕೊಮ್ಮೆ ಟಗರು ಬದಲಾಯಿಸಬೇಕು. ಅಷ್ಟು ಕಾಯುವ ತಾಳ್ಮೆ ಇಲ್ಲದವನು ಉಣ್ಣೆ ಕುರಿಗಳನ್ನು ದೊಡ್ಡ ಮಂದೆಯವರಿಗೆ ಮಾರಿ, ಬಂದ ದುಡ್ಡಿಗೆ ಎಷ್ಟು ಬಂದರೆ ಅಷ್ಟು ಕೂದಲು ಹೆಣ್ಣು ಕುರಿ ಕೊಳ್ಳುವುದೇ ಮೇಲು. ಹನ್ನೆರಡೇ ಬಂದರೂ ಬರಲಿ.

ಕೊಳ್ಳುವಾಗ ಟಗರಿಗಿಂತ ಮೊದಲು ಹೆಣ್ಣು ಕುರಿ ನೋಡಿ. ನಮ್ಮಲ್ಲಿ ಎಲ್ಲರ ಕಣ್ಣೂ ಟಗರಿನ ಮೇಲೆ. ಅದರ ಕೊಂಬು, ಅದರ ಗತ್ತು! ಮರಿಗೆ ಹಾಲು ಕೊಡುವವಳು ತಾಯಿ. ಎರಡು ಹಲ್ಲಿನದೋ ನಾಲ್ಕು ಹಲ್ಲಿನದೋ, ಕೆಚ್ಚಲಿನ ಎರಡೂ ಮೊಲೆ ಸರಿಯಾಗಿವೆಯೋ, ಗೊರಸು ನೆಟ್ಟಗಿದೆಯೋ ನೋಡಿ, ಸಾಧ್ಯವಾದರೆ ಹೋದ ಸೂಲಿನ ಮರಿಯನ್ನೂ ತೋರಿಸು ಅನ್ನಿ. ಕೊಳ್ಳುವುದಾದರೆ ಬೇಸಿಗೆಯಲ್ಲಿ ಕೊಳ್ಳಿ. ದೀಪಾವಳಿ ಹೊತ್ತಿಗೆ ಎಲ್ಲಾ ಕುರಿಯೂ ಚೆಂದವೇ. ಏಪ್ರಿಲ್ ಕೊನೆಯಲ್ಲಿ, ನೆಲದ ಮೇಲೆ ಹಸಿರೇ ಇಲ್ಲದಾಗ ಬೆನ್ನುಮೂಳೆ ಮೇಲೆ ಕೈ ಇಟ್ಟು ನೋಡಿ. ಆಗಲೂ ಮೈ ಬಿಡದ ಕುರಿ ಸಿಕ್ಕರೆ ಬಣ್ಣ ಯಾವುದಾದರೂ ಸರಿ, ಹಗ್ಗ ಹಾಕಿಬಿಡಿ.

ದೂರದಿಂದ ಲಾರಿಯಲ್ಲಿ ಬಂದ ಕುರಿ ಹೊಸ ನೀರು, ಹೊಸ ಮೇವಿಗೆ ಬೀಳುವ ಮೊದಲ ತಿಂಗಳೇ ಗಂಡಾಂತರದ ಕಾಲ. 2017ರಲ್ಲಿ ತೆಲಂಗಾಣ ಸರ್ಕಾರ ಇಪ್ಪತ್ತು ಹೆಣ್ಣು ಕುರಿ, ಒಂದು ಟಗರು ಸೇರಿ 1.25 ಲಕ್ಷ ರೂಪಾಯಿಯ ಯೂನಿಟ್ ಮಾಡಿ, 75 ಪರ್ಸೆಂಟ್ ಸಬ್ಸಿಡಿಯಲ್ಲಿ ಹಂಚಿತು. ಕುರಿಗಳನ್ನು ಅಕ್ಕಪಕ್ಕದ ರಾಜ್ಯಗಳಿಂದ ತಂದರು. ಇಪ್ಪತ್ತಕ್ಕೆ ಒಂದು ಎಂಬ ಲೆಕ್ಕ ಚೆನ್ನಾಗಿಯೇ ಇದೆ. ಆದರೆ ಸರ್ಕಾರದ ಕುರಿಗೆ ಮುಕ್ಕಾಲು ಪಾಲು ಸರ್ಕಾರದ್ದು. ನಿಮ್ಮ ಸಾಲದ ಕುರಿ ಸತ್ತರೆ ಪೂರ್ತಿ ನಿಮ್ಮದೇ. ಒಂದು ದಿನ ನಡೆಸಿಕೊಂಡು ಬರುವಷ್ಟು ದೂರದೊಳಗೆ ಸಿಗುವ ಕುರಿ ನಾಲ್ಕು ಕಿಲೋ ಕಡಿಮೆ ತೂಗಿದರೂ ಅದನ್ನೇ ತನ್ನಿ.

ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಸಂಸ್ಥೆಯವರು ಬಂಗಾಳದ ಗರೋಲೆ ಕುರಿಯ ಗುಣ ತಂದು ಅವಳಿ ಮರಿ ಹಾಕುವ ನಾರಿ ಸುವರ್ಣ ಎಂಬ ತಳಿ ಮಾಡಿದ್ದಾರೆ. ಒಳ್ಳೆಯ ಕೆಲಸ. ಆದರೂ ಒಂದು ಮರಿಗೇ ಹಾಲು ಸಾಲದ ನಮ್ಮ ಬಂಜರಿನಲ್ಲಿ ಎರಡು ಹುಟ್ಟಿ ಎರಡೂ ಒಣಗುವುದಕ್ಕಿಂತ, ಒಂದೇ ಹುಟ್ಟಿ ಅದು ಉಳಿದರೆ ಸಾಕು. ಬೋರಿನಲ್ಲಿ ನೀರಿದ್ದು, ಹಸಿರು ಮೇವು ಬೆಳೆಯುವವರು ಯೋಚಿಸಲಿ.

"ಖರ್ಚಿಲ್ಲದ ಕುರಿ" ಅನ್ನುವ ಮಾತಿನಲ್ಲೇ ಸ್ವಲ್ಪ ಮೋಸವಿದೆ. ಕೂದಲು ಕುರಿ ತಪ್ಪಿಸುವುದು ಕತ್ತರಿ ಖರ್ಚನ್ನು ಮಾತ್ರ. ಸಣ್ಣ ಮಂದೆಯವನ ನಿಜವಾದ ನಷ್ಟ ಉಣ್ಣೆಯಲ್ಲೂ ಇಲ್ಲ, ಕತ್ತರಿಯಲ್ಲೂ ಇಲ್ಲ, ಸಾಯುವ ಮರಿಯಲ್ಲಿದೆ. ಇಪ್ಪತ್ತು ಕುರಿ ಈದು ನಾಲ್ಕು ಮರಿ ಸತ್ತರೆ, ಇಡೀ ಮಂದೆ ಎಷ್ಟೋ ವರ್ಷ ಕೊಡುವ ಉಣ್ಣೆಯ ದುಡ್ಡು ಒಂದೇ ವಾರದಲ್ಲಿ ಹೋದಂತೆ. ಉಣ್ಣೆ ಇಲ್ಲದ ಮೈಗೆ ಚಳಿ ಬೇಗ ತಟ್ಟುತ್ತದೆ. ಮಾರ್ಗಶಿರ, ಪುಷ್ಯದ ಇಬ್ಬನಿಯಲ್ಲಿ ಬಯಲು ರೊಪ್ಪದಲ್ಲಿ ಬಿಟ್ಟರೆ ಎಳೆ ಮರಿಗೆ ಎದೆ ಕಟ್ಟುತ್ತದೆ. ನಾಲ್ಕು ಸೋಗೆ ಗರಿ ಹೊದಿಸಿದ ಸೂರು, ಕಾಲಿಗೆ ಒಣ ನೆಲ, ಇಷ್ಟಾದರೂ ಬೇಕು. ಮಳೆಗೆ ಮುಂಚೆ ಜಂತಿನ ಔಷಧಿ, ಕರುಳುಬೇನೆ ಲಸಿಕೆ. ಮಳೆ ಬಿಟ್ಟ ಮೇಲೆ ಸಣ್ಣ ಸೊಳ್ಳೆಯಂಥ ನೊಣದಿಂದ ಬರುವ ನೀಲಿ ನಾಲಿಗೆ, ತೆಲುಗರು ಮೂತಿವಾಪು ಅನ್ನೋದು, ಅದಕ್ಕೆ ಉಣ್ಣೆ ಕುರಿ, ಕೂದಲು ಕುರಿ ಎಂಬ ಭೇದವೇ ಇಲ್ಲ.

ಇಲ್ಲಿ ಎರಡು ಸರ್ಕಾರಗಳಿಗೂ ನನ್ನದೊಂದು ಬೇಡಿಕೆ ಇದೆ. 2019ರ ಜಾನುವಾರು ಗಣತಿ ಪ್ರಕಾರ ತೆಲಂಗಾಣದಲ್ಲಿ 1.91 ಕೋಟಿ, ಆಂಧ್ರದಲ್ಲಿ 1.76 ಕೋಟಿ, ಕರ್ನಾಟಕದಲ್ಲಿ 1.11 ಕೋಟಿ ಕುರಿಗಳಿದ್ದವು. ದೇಶದ ಅರ್ಧಕ್ಕಿಂತ ಹೆಚ್ಚು ಕುರಿ ಈ ಮೂರೇ ರಾಜ್ಯದಲ್ಲಿ. ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರದ ಕುರಿ ಶಿರಾ, ಪಾವಗಡದ ಸಂತೆಗೆ ಹೋಗುತ್ತವೆ, ಅಲ್ಲಿಯ ಮಂದೆ ಇಲ್ಲಿಯ ಕಡ್ಲೆಕಾಯಿ ಹೊಲಕ್ಕೆ ಗೊಬ್ಬರಕ್ಕೆ ಬರುತ್ತದೆ. ಆದರೆ ಪಿ.ಪಿ.ಆರ್. ಲಸಿಕೆ ಮಾತ್ರ ಆ ಕಡೆ ಒಂದು ತಿಂಗಳು, ಈ ಕಡೆ ಇನ್ನೊಂದು ತಿಂಗಳು. ನಾವು ಪಾರುಡು ರೋಗ ಅನ್ನುವ ಈ ಬೇನೆಯನ್ನು 2030ರೊಳಗೆ ಪ್ರಪಂಚದಿಂದಲೇ ತೊಲಗಿಸಬೇಕು ಅಂತ ದೊಡ್ಡ ದೊಡ್ಡವರು ಗುರಿ ಇಟ್ಟುಕೊಂಡಿದ್ದಾರೆ. ಅದಕ್ಕೆ ಮೊದಲು ಗಡಿಯ ಎರಡೂ ಕಡೆಯ ಪಶು ಡಾಕ್ಟರುಗಳು ಒಂದೇ ವಾರ ಸೂಜಿ ಹಿಡಿಯುವ ಹಾಗೆ ಮಾಡಿದರೆ ಸಾಕು.

ಮಾರಾಟದಲ್ಲಿ ನಾವು ಗಡಿಯವರು ಅದೃಷ್ಟವಂತರು. ಸಂಕ್ರಾಂತಿ ಮಾರನೇ ದಿನ ಆಂಧ್ರದವರ ಕನುಮ, ಯುಗಾದಿ ಮಾರನೇ ದಿನ ಕರ್ನಾಟಕದವರ ಹೊಸತೊಡಕು. ತೆಲಂಗಾಣದ ದಸರಾ ಇದೆ. ಬಕ್ರೀದ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಮುಂಚಿತವಾಗಿ ಬರುತ್ತದೆ. ಕುರಿಯ ಬಸಿರು ಐದು ತಿಂಗಳು, ಮರಿ ಮಾರುವಷ್ಟಾಗಲು ಇನ್ನೈದಾರು ತಿಂಗಳು. ಈ ಲೆಕ್ಕ ಹಿಡಿದು ಟಗರು ಬಿಡುವವನು ಸಂತೆಯಲ್ಲಿ ಕೈ ಚಾಚಿ ನಿಲ್ಲುವುದಿಲ್ಲ. ಸಣ್ಣ ಮಂದೆಯಲ್ಲಿ ವರ್ಷವಿಡೀ ಟಗರನ್ನು ಜೊತೆಗೆ ಬಿಟ್ಟುಕೊಂಡರೆ ಒಂದೊಂದು ಮರಿ ಒಂದೊಂದು ಕಾಲಕ್ಕೆ ಹುಟ್ಟಿ, ವ್ಯಾಪಾರಿ ಹೇಳಿದ್ದೇ ರೇಟು ಆಗುತ್ತದೆ.

ಕೊನೆಗೆ ಕರಿ ಕುರಿ ವಿಷಯ, ಯಾಕಂದರೆ ಇದನ್ನು ಓದಿದ ನಮ್ಮ ಕಡೆಯ ಹಿರಿಯರು ನನ್ನನ್ನು ಕೇಳದೆ ಬಿಡುವುದಿಲ್ಲ. ಇನ್ನೂರು ಮುನ್ನೂರು ಕುರಿ ಹೊಡಕೊಂಡು ಊರೂರು ತಿರುಗುವ, ಮಳೆ ಗಾಳಿಯಲ್ಲಿ ಬಯಲಲ್ಲೇ ಮಲಗುವ ಕುರುಬರಿಗೆ ನಾನು ಈ ಮಾತು ಹೇಳುತ್ತಿಲ್ಲ. ಆ ಬದುಕಿಗೆ ದಖನಿ ಕುರಿಯಷ್ಟು ಗಟ್ಟಿ ಜೀವ ಇನ್ನೊಂದಿಲ್ಲ, ಅದರ ಮೈಮೇಲಿನ ಉಣ್ಣೆಯೇ ಅದರ ಮನೆ. ಅಂಥ ಮಂದೆಗೂ ತೂಕದ ಆಸೆಗೆ ನೆಲ್ಲೂರು ಟಗರು ಬಿಟ್ಟು ಬಿಟ್ಟು ಅಪ್ಪಟ ಕರಿ ಟಗರು ಹುಡುಕಿದರೂ ಸಿಗದ ಹಾಗಾಗಿದೆ. ಅದನ್ನು ಉಳಿಸುವ ಭಾರವನ್ನು ಇಪ್ಪತ್ತು ಕುರಿಯ ಬಡವನ ಮೇಲೆ ಹೊರಿಸುವುದು ನ್ಯಾಯವಲ್ಲ. ಅಪ್ಪಟ ಕರಿ ಟಗರು ಇಟ್ಟುಕೊಂಡ ಮಂದೆಯವರನ್ನು ಹುಡುಕಿ, ಆ ಟಗರಿನ ಮೇವಿಗೆ ವರ್ಷಕ್ಕಿಷ್ಟು ಅಂತ ಸರ್ಕಾರ ಕೊಡಲಿ. ನಮ್ಮಲ್ಲಿ ಕುರಿ ಸಾಕುವವರ ಸಹಕಾರ ಸಂಘಗಳಿವೆ, ಕರ್ನಾಟಕದಲ್ಲಿ ಹೆಸರಿನಲ್ಲೇ ಉಣ್ಣೆ ಇಟ್ಟುಕೊಂಡ ಅಭಿವೃದ್ಧಿ ನಿಗಮ ಇದೆ. ಕೊಡುವ ಕೈಗಳಿಗೆ ಬರವಿಲ್ಲ. ನಮ್ಮ ಮಗ್ಲೂರಿನ ಅಜ್ಜ ಒಬ್ಬರು ತಮ್ಮ ಮಂದೆಯಲ್ಲಿ ಇಂದಿಗೂ ಬೇರೆ ಟಗರು ಸೇರಿಸಿಲ್ಲ. ಕರಿ ಟಗರು ಬೇಕಾದ ದೊಡ್ಡ ಮಂದೆಯವರು ಮಾರ್ಚಿ, ಏಪ್ರಿಲ್‌ನಲ್ಲಿ ಬಂದು ಮರಿ ಗುರುತು ಮಾಡಿ ಹೋಗಬಹುದು, ರೇಟು ಹೆಚ್ಚು ಹೇಳುವವರಲ್ಲ.